ಮಾತು ಎಣಿಸುವ ಬಿಲ್ಲೆ

“ಅಮ್ಮಾ, ಮಗು ಕಾಯುತ್ತಿದೆ. ಇನ್ನೂ ಸ್ವಲ್ಪ ಮಾತಾಡಿ.”

ತನ್ನದೇ ದನಿ ಅಕ್ಕನ ಕತ್ತಿನ ಬಳಿ ರವಿಕೆಗೆ ಸಿಕ್ಕಿಸಿದ ಬಿಲ್ಲೆಯಿಂದ ಕೇಳಿಸಿದಾಗಲೆಲ್ಲ ವಿನುತಾಳಿಗೆ ಎದ್ದು ಹೊರಗೆ ಹೋಗಿಬಿಡೋಣ ಅನ್ನಿಸುತ್ತಿತ್ತು. ತಾನು ಕೆಲಸ ಮಾಡುವ ಕೇಂದ್ರದ ಗಾಜಿನ ಕೋಣೆಯಲ್ಲಿ ಕುಳಿತು, ಜೇನುತುಪ್ಪ ಹಾಕಿದ ಬಿಸಿನೀರು ಕುಡಿದು, ಆದಷ್ಟೂ ಅಕ್ಕರೆ ತುಂಬಿ ಅವಳೇ ಹೇಳಿದ ಮಾತು ಅದು. ಬೇರೆ ಯಾರದೋ ದನಿ ಹಾಕಿದರೆ ತಾಯಂದಿರಿಗೆ ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಹಾಗೆ ಕೇಳಿಸುತ್ತದೆ, ಮನೆಯ ಹೆಣ್ಣುಮಗಳು ಹೇಳಿದ ಹಾಗಿರಬೇಕು ಎಂದು ಸಮಿತಿಯವರೆಲ್ಲ ಒಪ್ಪಿದ್ದರು. ಹಾಗೆ ಒಪ್ಪಿದವರ ಪೈಕಿ ಯಾರ ಮನೆಯಲ್ಲೂ ಆ ಬಿಲ್ಲೆ ಇರಲಿಲ್ಲ, ಆ ಮಾತು ಬೇರೆ.

ಅಕ್ಕಿ ತೊಳೆಯುತ್ತಿದ್ದ ಅಕ್ಕ ಭವ್ಯ ತಕ್ಷಣ ಶುರುಮಾಡಿದಳು.

“ನೋಡು ಇಬ್ಬನಿ, ಅಕ್ಕಿ. ನೀರು ಹಾಕ್ತೀನಿ. ನೀರು ಬೆಳ್ಳಗಾಯ್ತು. ಈಗ ಚೆಲ್ತೀನಿ. ಚೆಲ್ಲಿದ ನೀರು ಎಲ್ಲಿಗೋಗುತ್ತೆ? ಕರಿಬೇವಿನ ಗಿಡಕ್ಕೋಗುತ್ತೆ. ಕರಿಬೇವು ಒಗ್ಗರಣೆಗೆ ಹಾಕ್ತೀವಿ...”

ಅವಳ ಗಂಟಲು ಒಡೆದುಹೋಗಿತ್ತು. ಮಾತು ಮುಗಿಯುವ ಕಡೆಯಲ್ಲಿ ಬರೀ ಗಾಳಿ ಬರುತ್ತಿತ್ತು. ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್ ಮಗ್ಗಗಳು ಓಡುತ್ತಿದ್ದವು. ಆ ಸದ್ದಿನ ಮೇಲೇರಿ ಮಾತಾಡಬೇಕು, ಇಲ್ಲದಿದ್ದರೆ ಬಿಲ್ಲೆಗೆ ಕೇಳಿಸುವುದಿಲ್ಲ, ಕೇಳಿಸದ ಮಾತನ್ನು ಅದು ಎಣಿಸುವುದಿಲ್ಲ. ಐದು ವರ್ಷದ ಇಬ್ಬನಿ ಗೋಡೆಗೆ ಒರಗಿ ಕುಳಿತು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು. ಅಕ್ಕಿಯ ಕಡೆಗಾಗಲೀ ಅಮ್ಮನ ಕಡೆಗಾಗಲೀ ಅವಳು ತಿರುಗಲಿಲ್ಲ.

ಭವ್ಯಳದು ಹುಟ್ಟಿನಿಂದಲೇ ಮಾತು ಕಡಿಮೆ. ತನ್ನ ಮದುವೆಯ ದಿನವೂ ಮಾತಾಡಿಸಿದವರಿಗೆಲ್ಲ ತಲೆಯಾಡಿಸಿ ಕಳಿಸಿದವಳು. ಅಂಥವಳ ಬಾಯಿಂದ ಬೆಳಗಿನಿಂದ ಮಲಗುವವರೆಗೆ ಮಾತು ಹಿಂಡಿ ತೆಗೆಯುವ ಯಂತ್ರವನ್ನು ಒಡಹುಟ್ಟಿದ ತಂಗಿಯೇ ಮಾಡಿಕೊಟ್ಟಿದ್ದಳು.

*

ನಡೆಯುವುದು ತಡ, ಮಾತು ತಡ, ಕಲಿಯುವುದು ತಡ ಎಂದು ಮಕ್ಕಳನ್ನು ಸೊಂಟದ ಮೇಲಿಟ್ಟುಕೊಂಡು ತಾಯಂದಿರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ಕಾಲ ಮುಗಿಯಲಿ ಎಂದು ಬೆಂಗಳೂರಿನಲ್ಲಿ ಅಂಕುರ ಕೇಂದ್ರ ತೆರೆದಿದ್ದರು. ಮಗುವಿನ ವಂಶವಾಹಿಗಳನ್ನು ಒಂದು ಹಗಲಿನಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸುವ ಯಂತ್ರ ಅಲ್ಲಿತ್ತು. ಅದಕ್ಕೆ ಉದ್ದನೆಯ ಹೆಸರೊಂದಿತ್ತು. ಜನ ಮಾತ್ರ ಅದನ್ನು ಜರಡಿ ಎಂದು ಕರೆದರು. ತಪ್ಪೇನೂ ಇರಲಿಲ್ಲ, ಅದು ಮಾಡುತ್ತಿದ್ದದ್ದು ಅದೇ ಕೆಲಸ. ತಡಕ್ಕೆ ಕಾರಣ ಜೀನಿನಲ್ಲಿ ಸಿಕ್ಕರೆ ‘ರಕ್ತದ್ದು’ ಅನ್ನುತ್ತಿತ್ತು. ಆ ಮಗುವಿಗೆ ವೈದ್ಯರು, ಔಷಧ, ಮನೆಗೆ ಬಂದು ಕಲಿಸುವವರು. ಸಿಗದಿದ್ದರೆ ‘ಮನೆಯದ್ದು’. ಅಂದರೆ ಮಗುವಿನ ಮೆದುಳು ನೆಟ್ಟಗಿದೆ, ಮನೆಯಲ್ಲಿ ಅದರ ಜೊತೆ ಸಾಕಷ್ಟು ಮಾತಾಡಿಲ್ಲ, ಆಡಿಸಿಲ್ಲ. ಆಗ ತಾಯಿಗೆ ತರಬೇತಿ, ದಿನಕ್ಕೆ ಇಂತಿಷ್ಟು ಮಾತು ಎಂದು ಎಣಿಸಲು ತಾಯಿಗೆ ಬಿಲ್ಲೆ. ತಂದೆಗೇಕೆ ಇಲ್ಲ ಎಂದು ಕೇಳಿದವರಿಗೆ, ಅದು ಮುಂದಿನ ಹಂತದಲ್ಲಿ ಎಂದು ಉತ್ತರ ಬಂದಿತ್ತು.

ಜೀನಿನಲ್ಲಿ ಸಿಗಲಿಲ್ಲ ಅಂದಮಾತ್ರಕ್ಕೆ ಕಾರಣ ಮನೆಯಲ್ಲೇ ಇದೆ ಎಂದು ವಿಜ್ಞಾನ ಹೇಳುವುದಿಲ್ಲ. ಜರಡಿ ಕಟ್ಟಿದ ತಂಡದಲ್ಲಿದ್ದ ವಿನುತಾಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಜರಡಿ ಹೇಳಿದ್ದು ಸಾವಿರಾರು ಮಕ್ಕಳಲ್ಲಿ ಸರಿಯಾಗಿತ್ತು. ಸಾವಿರಾರು ಸಲ ಸರಿಯಾದದ್ದರ ಎದುರು ಅನುಮಾನ ಎತ್ತುವವರು ತಲೆಹರಟೆಯವರಂತೆ ಕಾಣುತ್ತಾರೆ.

ಮಾದರಿಯನ್ನು ಮನೆಯಿಂದಲೇ ಕಳಿಸುವ ಏರ್ಪಾಡು ವಿನುತಾಳದೇ ಯೋಚನೆ. ಅಂಕುರ ಕೇಂದ್ರದ ಬಾಗಿಲಲ್ಲಿ ಯಾರಾದರೂ ನೋಡಿಬಿಟ್ಟರೆ ನಾಳೆ ಮನೆಯ ಉಳಿದ ಹೆಣ್ಣುಮಕ್ಕಳಿಗೆ ಗಂಡು ಸಿಗುವುದಿಲ್ಲ ಎಂದು ಹೆದರಿ ಜನ ಬರುತ್ತಲೇ ಇರಲಿಲ್ಲ. ಬಾಯಿಯೊಳಗೆ ಕೆನ್ನೆಗೆ ಒರೆಸಿ ಕೊಳವೆಯಲ್ಲಿ ಹಾಕುವ ಹತ್ತಿಕಡ್ಡಿ ಮನೆಗೇ ಹೋಗಲಿ, ಮನೆಯಿಂದಲೇ ಬರಲಿ ಎಂದಳು. ಮೋಸಕ್ಕೆ ಅವಕಾಶವಿರಬಾರದೆಂದು ತಂದೆ, ತಾಯಿ, ಮಗು ಮೂವರ ಕಡ್ಡಿಯನ್ನೂ ಒಟ್ಟಿಗೆ ತರಿಸಿ, ಮಗು ಆ ಇಬ್ಬರದೇ ಹೌದೇ ಎಂದು ಜರಡಿ ಮೊದಲು ನೋಡುತ್ತಿತ್ತು. ಪಕ್ಕದ ಮನೆಯ ಗಟ್ಟಿಮುಟ್ಟಾದ ಮಗುವಿನ ಕಡ್ಡಿ ಕಳಿಸಿ ಸಿಕ್ಕಿಬಿದ್ದವರು ಬೇಕಾದಷ್ಟು ಜನ ಇದ್ದರು.

ದೊಡ್ಡಬಳ್ಳಾಪುರದ ತನ್ನ ಮನೆಗೇ ಆ ಕೊಳವೆ ಹೋಗುತ್ತದೆ ಎಂದು ಮಾತ್ರ ಅವಳು ಅಂದುಕೊಂಡಿರಲಿಲ್ಲ. ಅಂದುಕೊಳ್ಳಬಹುದಿತ್ತು. ಅವಳ ತಾಯಿ ಗಂಗಲಕ್ಷ್ಮಮ್ಮ ಹಿರಿಮಗಳು ಭವ್ಯಳನ್ನು ತನ್ನ ಸ್ವಂತ ತಮ್ಮ ಲೋಕೇಶನಿಗೇ ಕೊಟ್ಟು ಮದುವೆ ಮಾಡಿದ್ದಳು. ಸೋದರಮಾವನಿಗೆ ಹೆಣ್ಣು ಕೊಡುವುದು ಅವರಲ್ಲಿ ಹೊಸದೇನಲ್ಲ. ಆಗಿನ್ನೂ ಓದುತ್ತಿದ್ದ ವಿನುತಾ, ಒಂದೇ ಬೇರಿನ ಎರಡು ಜೀನುಗಳು ಒಟ್ಟಿಗೆ ಬಂದರೆ ಏನಾಗುತ್ತದೆ ಎಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದಳು. “ನಿನ್ನ ಓದು ನಿನ್ನ ತಲೆಗೇ ಏರೈತೆ,” ಎಂದು ತಾಯಿ ಆ ಕಾಗದದಲ್ಲೇ ಕಡಲೆಬೀಜದ ಸಿಪ್ಪೆ ಸುತ್ತಿ ಎಸೆದಿದ್ದಳು. ಮೊದಲ ಮಗು ಋತು ಹುಟ್ಟಿ ಮನೆ ತುಂಬ ಓಡಾಡತೊಡಗಿದಾಗ, “ಎಲ್ಲಮ್ಮ ನಿನ್ನ ಸೈನ್ಸು?” ಎಂದು ಕೆಣಕಿದ್ದಳು ಕೂಡ. ಎರಡನೆಯವಳು ಇಬ್ಬನಿ. ಎರಡು ವರ್ಷದವರೆಗೆ ಅಮ್ಮ, ಅಜ್ಜಿ, ತಾ, ಬೇಡ, ಕಾಕಾ ಎಂದೆಲ್ಲ ಆಡಿಕೊಂಡಿದ್ದ ಮಗು. ಆಮೇಲೆ ಒಂದೊಂದೇ ಮಾತು ಬಿಟ್ಟುಹೋಯಿತು. ಕೊನೆಗೆ ಉಳಿದದ್ದು ‘ಬೇಡ’. ಅದೂ ಹೋಯಿತು.

ಕೊಳವೆಗಳು ಮನೆಗೆ ಹೋದ ದಿನ ತಾಯಿ ಫೋನು ಮಾಡಿ, “ಇದೇನು ನೋಡ್ತಾರೆ ಇದ್ರಲ್ಲಿ?” ಎಂದು ಕೇಳಿದ್ದಳು. ಮೀಟಿಂಗಿಗೆ ಹೊರಟಿದ್ದ ವಿನುತಾ, “ಮನೆ ರಕ್ತ ನೋಡ್ತಾರಮ್ಮ, ಅಷ್ಟೇ,” ಎಂದು ಹೇಳಿ ಇಟ್ಟಿದ್ದಳು.

ಫಲಿತಾಂಶ ಬಂತು. ಮಗು ಆ ತಂದೆತಾಯಿಯದೇ ಹೌದು. ಜೀನಿನಲ್ಲಿ ದೋಷವಿಲ್ಲ. ಮನೆಯದ್ದು. ಕೆಳಗಡೆ, ತಡಕ್ಕೆ ಸಂಬಂಧಪಡದ ಸಣ್ಣಪುಟ್ಟ ಸಂಗತಿಗಳ ಸಾಲಿನಲ್ಲಿ, ಈ ಮಗುವಿಗೆ ಕೆಂಪು ಮತ್ತು ಹಸಿರಿನ ವ್ಯತ್ಯಾಸ ಕಾಣದು ಎಂದೂ ಇತ್ತು. ಓದಿ ವಿನುತಾಳಿಗೆ ನಗು ಬಂತು. ಲೋಕಿ ಮಾವನ ಮಗಳೇ ಸರಿ. ರೇಷ್ಮೆ ಸೀರೆ ನೇಯುವ ಲೋಕೇಶನಿಗೆ ಕೆಂಪು ಹಸಿರು ಒಂದೇ ಎಂಬುದು ಅವರ ಬೀದಿಯ ಹಳೆಯ ತಮಾಷೆ. ಲಾಳಿಗೆ ಹಾಕುವ ನೂಲಿನ ಕಂಡಿಕೆಗಳನ್ನು ಮನೆಯ ಹೆಂಗಸರೇ ವಿಂಗಡಿಸಿಡಬೇಕು, ಕೆಂಪು ಬಿದಿರ ಬುಟ್ಟಿಗೆ, ಹಸಿರು ಸ್ಟೀಲ್ ಡಬರಿಗೆ. ಮೊದಲು ಅಕ್ಕ ಗಂಗಲಕ್ಷ್ಮಮ್ಮ ಇಡುತ್ತಿದ್ದಳು, ಈಗ ಹೆಂಡತಿ ಭವ್ಯ ಇಡುತ್ತಿದ್ದಳು.

ನಿಜ ಹೇಳಬೇಕೆಂದರೆ ಆ ಫಲಿತಾಂಶ ನೋಡಿ ವಿನುತಾಳಿಗೆ ಸಂತೋಷವೇ ಆಯಿತು. ರಕ್ತದ್ದು ಎಂದು ಬಂದಿದ್ದರೆ ಅಮ್ಮನ ಮುಖ ನೋಡುವುದು ಹೇಗೆ ಎಂದು ಅವಳು ಒಳಗೊಳಗೇ ನಡುಗಿದ್ದಳು. ಈಗ ಮಾತು ಕಡಿಮೆಯಾದದ್ದಷ್ಟೇ ತೊಂದರೆ. ಮಾತು ಆಡಿದರೆ ಬರುತ್ತದೆ.

“ಅಮ್ಮ, ನೀನೇ ಗೆದ್ದೆ. ರಕ್ತದಲ್ಲಿ ಏನೂ ಇಲ್ಲ,” ಎಂದು ಫೋನಿನಲ್ಲಿ ಹೇಳಿದಳು.

“ನಂಗೊತ್ತಿತ್ತು ಬಿಡು,” ಎಂದಳು ಗಂಗಲಕ್ಷ್ಮಮ್ಮ.

*

ಕೇಂದ್ರದ ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ರಾಜ್ಯದ ನಕ್ಷೆ. ಬಿಲ್ಲೆಯಿರುವ ಒಂದೊಂದು ಮನೆಗೂ ಒಂದೊಂದು ದೀಪ. ತಾಯಿ ಅವತ್ತಿನ ಮಾತು ಮುಗಿಸಿದರೆ ನೀಲಿ, ಹಿಂದೆ ಬಿದ್ದರೆ ಹಳದಿ. ಮಂತ್ರಿಗಳು ಬಂದಾಗ ಆ ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಬೆಂಗಳೂರಿನಿಂದ ಸ್ವಲ್ಪ ಮೇಲೆ ದೊಡ್ಡಬಳ್ಳಾಪುರದಲ್ಲಿ ಒಂದು ದೀಪ ಶುರುವಿನಲ್ಲಿ ಯಾವಾಗಲೂ ಹಳದಿಯಾಗಿರುತ್ತಿತ್ತು. ವಿನುತಾ ಊಟದ ಡಬ್ಬಿ ಬಿಚ್ಚುವಾಗಲೂ ಅದರ ಕಡೆ ಒಮ್ಮೆ ನೋಡುತ್ತಿದ್ದಳು.

ಬಿಲ್ಲೆ ಬಂದ ಮೊದಲ ವರ್ಷ ಒಂದು ಮಧ್ಯಾಹ್ನ ಭವ್ಯ ಫೋನು ಮಾಡಿದಳು. ತಾನಾಗಿ ಫೋನು ಮಾಡುವವಳೇ ಅಲ್ಲ ಅವಳು.

“ವಿನೂ, ಇನ್ನೊಂದ್ಸಲ ಪರೀಕ್ಷೆ ಮಾಡ್ಸಕ್ಕಾಗಲ್ವಾ?”

“ಯಾಕಕ್ಕ?”

“ಸುಮ್ನೆ. ನಂಗೇನೋ ಇವಳ ಒಳಗೇ ಏನೋ ಆಗ್ತೈತೆ ಅನ್ಸುತ್ತೆ. ಮೊನ್ನೆವರ್ಗೂ ಚಮಚ ಹಿಡೀತಿದ್ಲು, ಈಗ ಕೈ ನಡುಗುತ್ತೆ. ಒಂದೇ ಒಂದ್ಸಲ ನೋಡೇ.”

ಒಂದು ಮಗುವಿಗೆ ಒಂದೇ ಪರೀಕ್ಷೆ ಎಂಬುದು ಕೇಂದ್ರದ ನಿಯಮ. ಆ ನಿಯಮವನ್ನು ಹಟ ಹಿಡಿದು ಮಾಡಿಸಿದವಳೇ ವಿನುತಾ. ಇಲ್ಲದಿದ್ದರೆ ವಶೀಲಿ ಇರುವವರು ‘ರಕ್ತದ್ದು’ ಎಂದು ಬರುವವರೆಗೆ ಮತ್ತೆ ಮತ್ತೆ ಮಾಡಿಸುತ್ತಿದ್ದರು, ಬಡವರ ಮಕ್ಕಳ ಸರದಿ ಬರುತ್ತಲೇ ಇರಲಿಲ್ಲ. ತನ್ನ ಮನೆಗೊಂದು ನ್ಯಾಯ, ಊರಿಗೊಂದು ನ್ಯಾಯ ಮಾಡುವುದು ಅವಳಿಂದಾಗದು. ಆ ಪ್ರಾಮಾಣಿಕತೆಯ ಬಗ್ಗೆ ಅವಳಿಗೆ ಒಂದಿಷ್ಟು ಹೆಮ್ಮೆಯೂ ಇತ್ತು.

“ನಿಂಗೊಬ್ಬಳಿಗೆ ಮಾಡಿದ್ರೆ ಉಳಿದೋರಿಗೆ ನಾನೇನ್ ಹೇಳ್ಲಿ ಅಕ್ಕ? ಜರಡಿ ತಪ್ಪು ಹೇಳಲ್ಲ. ಬೇಜಾರ್ ಮಾಡ್ಕೋಬೇಡ, ನೀನು ಮಾತಾಡೋದು ಮೊದಲಿಂದ್ಲೂ ಕಮ್ಮಿ. ನಿಂಗೂ ಗೊತ್ತದು.”

“ಹೂಂ. ಇರಬೋದು,” ಎಂದಳು ಭವ್ಯ.

ಮಾರನೆಯ ದಿನ ಆ ದೀಪ ನೀಲಿಯಾಯಿತು. ಆಮೇಲೆ ಒಂದು ದಿನವೂ ಹಳದಿಗೆ ತಿರುಗಲಿಲ್ಲ. ಅಕ್ಕ ದಾರಿಗೆ ಬಂದಳು ಎಂದು ವಿನುತಾ ನಂಬಿದಳು.

*

ಆ ನೀಲಿ ದೀಪದ ಹಿಂದೆ ಏನಿತ್ತು ಎಂಬುದನ್ನು ಗೋಡೆ ತೋರಿಸುತ್ತಿರಲಿಲ್ಲ. ಊರಿಗೆ ಹೋದಾಗ ಒಂದಷ್ಟು ಕಣ್ಣಿಗೆ ಬೀಳುತ್ತಿತ್ತು, ಒಂದಷ್ಟನ್ನು ಅವಳು ಕಂಡರೂ ಕಾಣದವಳಂತೆ ಬರುತ್ತಿದ್ದಳು.

ರೇಡಿಯೊ ಹಾಕಿ ಬಿಲ್ಲೆಯನ್ನು ಅದರ ಮುಂದಿಟ್ಟು ನೋಡಿದ ತಾಯಂದಿರಿದ್ದರು. ಬಿಲ್ಲೆಗೆ ತಾಯಿಯ ದನಿಯ ಗುರುತಿತ್ತು, ನಡೆಯಲಿಲ್ಲ. ಭವ್ಯ ಅಂಥ ಉಪಾಯಕ್ಕೆ ಹೋದವಳಲ್ಲ. ಆಡಲು ಮಾತು ಸಿಗದಾಗ ಸೋಪಿನ ಕಾಗದ ಓದಿದಳು, ಗೋಡೆಯ ಕ್ಯಾಲೆಂಡರಿನ ರಾಹುಕಾಲ ಓದಿದಳು, ಮಾತ್ರೆಯ ಹಾಳೆಯ ಹಿಂದಿನ ಸಣ್ಣಕ್ಷರ ಓದಿದಳು. ಬೀದಿಯಲ್ಲಿ ಅವಳಿಗೆ ಬಿಲ್ಲೆ ಭವ್ಯ ಎಂದು ಹೆಸರಾಯಿತು. ಮಗೂನ ಮಾತಾಡಿಸದೆ ಮೂಗಿ ಮಾಡಿದ ತಾಯಿ ಎಂದು ಎದುರಿಗೆ ಯಾರೂ ಅನ್ನಲಿಲ್ಲ, ಎದೆಯ ಮೇಲೆ ಬಿಲ್ಲೆಯಿದ್ದ ಮೇಲೆ ಅನ್ನಬೇಕಾದ ಅಗತ್ಯವೂ ಇರಲಿಲ್ಲ. ಸದ್ದಿಗೆ ಬಿಲ್ಲೆ ಕೇಳಿಸಿಕೊಳ್ಳುತ್ತಿಲ್ಲವೆಂದು ಲೋಕೇಶ ಮಧ್ಯಾಹ್ನದ ಹೊತ್ತು ಮಗ್ಗ ನಿಲ್ಲಿಸತೊಡಗಿದ. ಕೇಳಿದವರಿಗೆ ಕರೆಂಟಿಲ್ಲ ಅನ್ನುತ್ತಿದ್ದ. ಗಂಟಲಿನ ಡಾಕ್ಟರು ತಿಂಗಳುಗಟ್ಟಲೆ ಮಾತು ನಿಲ್ಲಿಸಬೇಕು ಎಂದಾಗ ಭವ್ಯ ನಕ್ಕುಬಿಟ್ಟಳಂತೆ.

ಎಲ್ಲಕ್ಕಿಂತ ಕೆಟ್ಟದ್ದು ಋತುವಿನ ಪಾಡು. ಇಬ್ಬನಿಯ ಜೊತೆ ಆಡಿದ ಮಾತಿಗೆ ಮಾತ್ರ ಲೆಕ್ಕ. ದಿನದ ಕೊನೆಗೆ ದೊಡ್ಡ ಮಗಳಿಗೆಂದು ಭವ್ಯಳ ಗಂಟಲಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ಶಾಲೆಯಿಂದ ಬಂದ ಹುಡುಗಿ ಏನು ಕೇಳಿದರೂ ಅಮ್ಮ ಕೈಸನ್ನೆ ಮಾಡುತ್ತಿದ್ದಳು, ಊಟ ಅಲ್ಲಿದೆ, ಜಡೆ ಅಜ್ಜಿ ಹಾಕುತ್ತಾಳೆ. ಋತುವೂ ಬರಬರುತ್ತಾ ಸನ್ನೆಯಲ್ಲೇ ಕೇಳಲು ಕಲಿತಳು. ಮಾತು ಬರುವ ಮಗು ಸುಮ್ಮನಾಯಿತು, ಬಾರದ ಮಗುವಿನ ಮೇಲೆ ಮಾತು ಸುರಿಯಿತು.

ಇಬ್ಬನಿ ನಡೆಯುವಾಗ ಎಡವತೊಡಗಿದಳು. ಫಿಟ್ಸ್ ಬಂತು. ವಿನುತಾಳಿಗೆ ಅನುಮಾನ ಬರಲಿಲ್ಲವೇ? ಬಂತು. ಆದರೆ ಜರಡಿ ಇಲ್ಲಿ ತಪ್ಪಿದ್ದರೆ ಇನ್ನೆಷ್ಟು ಮನೆಗಳಲ್ಲಿ ತಪ್ಪಿರಬೇಕು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತಿತ್ತು. ಆ ಪ್ರಶ್ನೆಗೆ ಹೆದರಿ ಅವಳು ಮೊದಲನೆಯದನ್ನೂ ಒಳಗೇ ಅದುಮಿ ಕೂರಿಸಿದಳು. ಓದಿದವರು ಹೆದರಿದರೆ ಅದಕ್ಕೆ ಒಳ್ಳೊಳ್ಳೆಯ ಕಾರಣ ಕೊಟ್ಟುಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ.

*

ಅವರೆಕಾಯಿ ಕಾಲದ ಒಂದು ಭಾನುವಾರ. ಅಕ್ಕಿ ತೊಳೆದು ಒಲೆಯ ಮೇಲಿಟ್ಟು ಭವ್ಯ ಇಬ್ಬನಿಯನ್ನು ಎತ್ತಿಕೊಂಡು ಮಗ್ಗದ ಕೋಣೆಗೆ ಬಂದಳು. ವಿನುತಾ ಹಿಂದೆಯೇ ಬಂದಳು. ಮಗ್ಗ ನಿಂತಿತ್ತು. ಲೋಕೇಶ ಕಡಿದ ಎಳೆ ಹೊಸೆಯುತ್ತಿದ್ದ. ನೆಲದ ಮೇಲೆ ಕಂಡಿಕೆಗಳ ರಾಶಿ ಬಿದ್ದಿತ್ತು. ಭವ್ಯ ಮಗಳನ್ನು ಅದರ ಪಕ್ಕದಲ್ಲಿ ಕೂರಿಸಿ, “ಕಂಡಿಕೆ ನೋಡು ಇಬ್ಬನಿ, ಕಂಡಿಕೆ. ಅಪ್ಪಂಗೆ ಕಂಡಿಕೆ ಬೇಕು,” ಎಂದಳು.

ಇಬ್ಬನಿಯ ನಡುಗುವ ಕೈ ಒಂದು ಕಂಡಿಕೆ ಎತ್ತಿತು. ತಡಕಾಡಿ ಬಿದಿರ ಬುಟ್ಟಿಗೆ ಹಾಕಿತು. ಇನ್ನೊಂದನ್ನು ಎತ್ತಿತು. ಅದು ಸ್ಟೀಲ್ ಡಬರಿಗೆ ಬಿತ್ತು. ಮತ್ತೊಂದು ಬುಟ್ಟಿಗೆ, ಇನ್ನೊಂದು ಡಬರಿಗೆ. ಒಂದೆರಡು ಗುರಿ ತಪ್ಪಿ ನೆಲಕ್ಕೆ ಬಿದ್ದವು. ಬಿದ್ದವನ್ನು ಎತ್ತಿ ಮತ್ತೆ ಅದರದರ ಜಾಗಕ್ಕೇ ಹಾಕಿದಳು.

“ಇದೊಂದು ಮಾಡ್ತಾಳೆ ನೋಡು,” ಎಂದ ಲೋಕೇಶ. ಅವನ ಮುಖದಲ್ಲಿ ಅಪರೂಪದ ನಗುವಿತ್ತು. “ಬಣ್ಣ ತಪ್ಪಲ್ಲ ನನ್ ಮಗಳು. ದೊಡ್ಡೋಳೇ ನನ್ ಥರ. ಮೊನ್ನೆ ಸ್ಕೂಲಲ್ಲಿ ಎಲೆಗೆ ಕೆಂಪು ಬಳ್ದು ಬೈಸ್ಕೊಂಡವ್ಳೆ.”

ವಿನುತಾ ನೆಲದ ಮೇಲೆ ಕುಳಿತಳು. ಬುಟ್ಟಿ, ಡಬರಿ ಎರಡನ್ನೂ ಬೋರಲು ಹಾಕಿ ಕಂಡಿಕೆಗಳನ್ನು ಕೈಯಾಡಿಸಿ ಬೆರೆಸಿದಳು. ಡಬರಿಯನ್ನು ಬುಟ್ಟಿಯ ಜಾಗಕ್ಕೂ ಬುಟ್ಟಿಯನ್ನು ಡಬರಿಯ ಜಾಗಕ್ಕೂ ಇಟ್ಟಳು. ಇಬ್ಬನಿ ಬೇಸರವಿಲ್ಲದೆ ಮತ್ತೆ ಶುರುಮಾಡಿದಳು. ಕೆಂಪು ಬುಟ್ಟಿಗೆ. ಹಸಿರು ಡಬರಿಗೆ. ಕೆಂಪು ಬುಟ್ಟಿಗೆ.

ಈ ಮಗುವಿಗೆ ಕೆಂಪು ಮತ್ತು ಹಸಿರಿನ ವ್ಯತ್ಯಾಸ ಕಾಣದು. ಓದಿ ನಕ್ಕಿದ್ದ ಆ ಸಾಲು ವಿನುತಾಳ ಕಣ್ಣ ಮುಂದೆ ಬಂದು ನಿಂತಿತು. ಜರಡಿ ಓದಿದ್ದು ಈ ಮಗುವನ್ನಲ್ಲ. ಅದೇ ತಂದೆ, ಅದೇ ತಾಯಿ, ಆದರೆ ಈ ಮಗುವಲ್ಲ.

ತಾಯಿ ಹಿತ್ತಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು.

“ಅಮ್ಮ, ಆವತ್ತು ಬಾಯಿಗೆ ಕಡ್ಡಿ ಹಾಕಿ ಕೊಟ್ರಲ್ಲ, ಇಬ್ಬನಿ ಬಾಯಿಗೆ ಹಾಕಿದ್ದು ಯಾರು?”

“ಯಾವತ್ತು?”

“ಪರೀಕ್ಷೆಗೆ ಅಂತ ಕೊಳವೆ ಬಂದಿತ್ತಲ್ಲ.”

“ಓ ಅದಾ. ನಾನೇ. ಭವ್ಯ, ಲೋಕೇಶ ಇಬ್ರೂ ತಮ್ಮದು ಕೊಟ್ಟು ನೂಲು ತರಕ್ಕೋಗಿದ್ರು. ಅವಳು ಬಾಯೇ ಬಿಡ್ಲಿಲ್ಲ ಕಣೆ, ಮೈ ಬಿಸಿ ಬೇರೆ, ಹಲ್ಲು ಕಚ್ಕೊಂಡು ಅತ್ಲು. ತಗೊಂಡೋಗೋ ಹುಡುಗಿ ಬಾಗ್ಲಲ್ಲಿ ನಿಂತಿದ್ಲು. ಹುಷಾರಿಲ್ಲದ ಮಗೀನ ಎಂಜಲು ಹೊಸ್ತಿಲು ದಾಟಬಾರ್ದು ಅಂತ ನಮ್ಮಮ್ಮ ಅಂತಿದ್ಲು, ಯಾರ ಕೈಗೆ ಹೋಗುತ್ತೋ ಏನೋ. ಅದ್ಕೇ ಋತು ಬಾಯಿಗಾಕಿ ಕೊಟ್ಟೆ.”

ಗಂಗಲಕ್ಷ್ಮಮ್ಮ ಕಾಳನ್ನು ಪಾತ್ರೆಗೆ ಸುರಿದು ತಲೆಯೆತ್ತಿದಳು.

“ಯಾಕೆ? ನೀನೇ ಹೇಳಿದ್ಯಲ್ಲ, ಮನೆ ರಕ್ತ ನೋಡ್ತಾರೆ ಅಂತ. ಒಂದೇ ಹೊಟ್ಟೇಲಿ ಹುಟ್ಟಿದೋವು, ರಕ್ತ ಒಂದೇ ತಾನೆ?”

ವಿನುತಾ ಬೈಯಬೇಕೆಂದು ಬಾಯಿ ತೆರೆದಳು. ಆದರೆ ತಾಯಿಯ ಮುಖದಲ್ಲಿ ಕಪಟವಿರಲಿಲ್ಲ, ಮಗಳು ಹೇಳಿದ್ದನ್ನು ಮಗಳು ಹೇಳಿದ ಹಾಗೇ ನಂಬಿದ ಮುಖ ಅದು. ಪಕ್ಕದ ಮನೆಯ ಮಗುವನ್ನು ಹಿಡಿಯುವ ಜರಡಿಗೆ ಒಡಹುಟ್ಟಿದವಳನ್ನು ಹಿಡಿಯಲು ಬರುತ್ತಿರಲಿಲ್ಲ. ಆ ಸಂದಿಯನ್ನು ಮುಚ್ಚಬೇಕೆಂದು ಕಟ್ಟಿದವರಿಗೆ ಹೊಳೆದಿರಲಿಲ್ಲ. ಅಜ್ಜಿಯರು ಹೀಗೆ ಯೋಚಿಸುತ್ತಾರೆಂದು ಅವಳಿಗಾದರೂ ಗೊತ್ತಿರಬೇಕಿತ್ತು, ಅವಳು ಅಂಥ ಅಜ್ಜಿಯ ಮಗಳೇ.

ಹೊರಡುವ ಮುಂಚೆ ಅವಳೇ ಇಬ್ಬನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೆಲ್ಲಗೆ ಕೆನ್ನೆ ಅಮುಕಿ, ಬಾಯೊಳಗೆ ಹತ್ತಿ ಒರೆಸಿಕೊಂಡಳು. ಮಗು ಅಳಲಿಲ್ಲ. ಈಗ ಅವಳಿಗೆ ಹಲ್ಲು ಕಚ್ಚುವ ಶಕ್ತಿಯೂ ಇರಲಿಲ್ಲ.

*

ಒಂದು ಮಗುವಿಗೆ ಒಂದೇ ಪರೀಕ್ಷೆ ಎಂಬ ನಿಯಮವನ್ನು ಮುರಿದವರಲ್ಲಿ ವಿನುತಾ ಮೊದಲಿಗಳು. ಅಕ್ಕ ಕೇಳಿದಾಗ ಮುರಿಯದಿದ್ದದ್ದನ್ನು ಈಗ ಯಾರನ್ನೂ ಕೇಳದೆ ಮುರಿದಳು.

ಜರಡಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ರಕ್ತದ್ದು. ತಂದೆಯಿಂದ ಒಂದು, ತಾಯಿಯಿಂದ ಒಂದು, ಲೋಕೇಶನ ತಾಯಿಯಿಂದ, ಅಂದರೆ ಭವ್ಯಳ ಅಜ್ಜಿಯಿಂದ, ಇಬ್ಬರಿಗೂ ಹರಿದು ಬಂದ ಒಂದೇ ತಪ್ಪು. ಮಕ್ಕಳ ನರರೋಗ ನೋಡುವ ಹಿರಿಯ ವೈದ್ಯೆ ಡಾಕ್ಟರ್ ಶಾಹಿದಾ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಓದಿದರು.

“ಇದು ಅಪರೂಪದ್ದು. ಸೊಪ್ಪುಸದೆಯಲ್ಲಿ ಇರುತ್ತಲ್ಲ, ಫೋಲೇಟ್ ಅಂತ ಒಂದು ವಿಟಮಿನ್ನು, ಅದು ರಕ್ತದಲ್ಲಿ ಬೇಕಾದಷ್ಟಿರುತ್ತೆ. ಮೆದುಳಿನ ಒಳಕ್ಕೆ ಬಿಡೋ ಬಾಗಿಲು ಮಾತ್ರ ತೆರೆಯಲ್ಲ. ಹುಟ್ಟುವಾಗ ಇದ್ದದ್ದರಲ್ಲಿ ಎರಡು ವರ್ಷ ನಡೆಯುತ್ತೆ. ಆಮೇಲೆ ಮೆದುಳು ಉಪವಾಸ ಬೀಳುತ್ತೆ.”

“ಔಷಧ?”

“ಇದೆ. ಅದೇ ವಿಟಮಿನ್ನನ್ನು ಬೇರೆ ರೂಪದಲ್ಲಿ ಕೊಟ್ಟರೆ ಹಿತ್ತಿಲ ಬಾಗಿಲಿಂದ ಒಳಗೆ ಹೋಗುತ್ತೆ. ಸಾಧಾರಣ ಮಾತ್ರೆ. ಎಷ್ಟೋ ಮೆಡಿಕಲ್ ಸ್ಟೋರಲ್ಲಿ ಸಿಗುತ್ತೆ.”

“ಎರಡೂವರೆ ವರ್ಷಕ್ಕೇ ಶುರುಮಾಡಿದ್ದಿದ್ರೆ ಡಾಕ್ಟ್ರೇ?”

ಶಾಹಿದಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಯಾರ ಮಗು ಎಂದು ಅವರಿಗೆ ಗೊತ್ತಿತ್ತು.

“ಇಷ್ಟು ಹೊತ್ತಿಗೆ ಶಾಲೆಗೆ ಹೋಗ್ತಿದ್ಲಮ್ಮ.”

“ಈಗ?”

“ಫಿಟ್ಸ್ ನಿಲ್ಲಬಹುದು. ಇನ್ನೂ ಕೆಳಗೆ ಜಾರದ ಹಾಗೆ ನೋಡ್ಕೋಬಹುದು. ಹೋದದ್ದು ಬರಲ್ಲ.”

ವಿನುತಾ ನಿಯಂತ್ರಣ ಕೊಠಡಿಗೆ ಬಂದು ಗೋಡೆಯ ಮುಂದೆ ನಿಂತಳು. ಬೀದರಿನಿಂದ ಚಾಮರಾಜನಗರದವರೆಗೆ ದೀಪಗಳು ಉರಿಯುತ್ತಿದ್ದವು. ಒಂದೊಂದರ ಹಿಂದೆಯೂ ಒಬ್ಬಳು ತಾಯಿ ಮಾತಾಡುತ್ತಿದ್ದಳು. ಅದರಲ್ಲಿ ಎಷ್ಟು ಮನೆಗಳಲ್ಲಿ ಅಣ್ಣನದೋ ಅಕ್ಕನದೋ ಎಂಜಲು ಬಂದಿತ್ತೋ ಯಾರಿಗೆ ಗೊತ್ತು. ನಿರ್ದೇಶಕರ ಬಳಿ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಬಹಳ ಗಂಭೀರವಾಗಿ ಕೇಳಿಸಿಕೊಂಡು, ಇದು ಸಮಿತಿಯ ಮುಂದೆ ಬರಬೇಕಾದ ವಿಷಯ ಎಂದರು. ಸಮಿತಿ ಸೇರುವುದು ಯುಗಾದಿಯ ನಂತರ. ಅಲ್ಲಿಯವರೆಗೆ ಯಾವ ಮಗುವಿನ ಹಣೆಬರಹವನ್ನೂ ಬದಲಾಯಿಸುವ ಹಾಗಿಲ್ಲ, ಯಾವ ಬಿಲ್ಲೆಯನ್ನೂ ಆಫ್ ಮಾಡುವ ಹಾಗಿಲ್ಲ.

*

ಮಾತ್ರೆಯ ಡಬ್ಬಿ ಹಿಡಿದು ಅವಳು ದೊಡ್ಡಬಳ್ಳಾಪುರಕ್ಕೆ ಬಂದಾಗ ಲೋಕೇಶ ಮಗ್ಗ ನಿಲ್ಲಿಸಿದ. ಭವ್ಯ ಇಬ್ಬನಿಯ ಮುಂದೆ ಕುಳಿತು, ಗಾಳಿಯಂಥ ದನಿಯಲ್ಲಿ, ಹೆಂಚಿನ ಮೇಲೆ ಕುಳಿತ ಕಾಗೆಯ ವಿಷಯ ಹೇಳುತ್ತಿದ್ದಳು.

“ಅಕ್ಕ, ಸಾಕು. ಮಾತು ನಿಲ್ಲಿಸು,” ಎಂದಳು ವಿನುತಾ.

ಎಲ್ಲವನ್ನೂ ಹೇಳಿದಳು. ಕಂಡಿಕೆ, ಕಡ್ಡಿ, ಋತು, ಮೆದುಳಿನ ಬಾಗಿಲು, ಮಾತ್ರೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಯಾವುವೂ ಉಪಯೋಗಕ್ಕೆ ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಂಗಲಕ್ಷ್ಮಮ್ಮ ಕೇಳುತ್ತ ಕೇಳುತ್ತ ಹೊಸ್ತಿಲ ಮೇಲೆ ಕುಳಿತಳು. “ನಾನೇನ್ ಮಾಡ್ದೆ? ನಾನೇನ್ ಮಾಡ್ದೆ ಅಂತ?” ಎಂದು ಒಂದೆರಡು ಸಲ ಕೇಳಿದಳು. ಭವ್ಯ ತಾಯಿಯನ್ನು ಬೈದಿದ್ದರೆ ಚೆನ್ನಾಗಿತ್ತು. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.

“ಮಾತ್ರೆ ಕೊಟ್ರೆ ಮಾತು ಬರುತ್ತಾ?” ಎಂದು ಕೇಳಿದಳು.

“ಇಲ್ಲಕ್ಕ.”

“ಇವಾಗ್ಲೂ ಇಲ್ಲ?”

“ಇನ್ನು ಇಲ್ಲ. ಆವಾಗಾಗಿದ್ರೆ ಬರ್ತಿತ್ತು.”

ಭವ್ಯ ಕೈಯೆತ್ತಿ ಬಿಲ್ಲೆಯ ಪಿನ್ನು ಬಿಚ್ಚಿದಳು. ವರ್ಷಗಟ್ಟಲೆ ಅದೇ ಜಾಗದಲ್ಲಿ ಚುಚ್ಚಿ ಚುಚ್ಚಿ ರವಿಕೆಯ ಬಟ್ಟೆ ಅಲ್ಲಿ ಸವೆದಿತ್ತು. ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದು ಕುಳಿತಳು.

“ಹಂಗಾದ್ರೆ ನಾನಾಡಿದ ಮಾತು?”

“ಅದು ವ್ಯರ್ಥ ಅಲ್ಲ ಅಕ್ಕ, ಮಗೂಗೆ ನಿನ್ನ...” ಎಂದು ಶುರುಮಾಡಿದ ವಿನುತಾ ಅರ್ಧಕ್ಕೇ ನಿಲ್ಲಿಸಿದಳು. ಆ ವಾಕ್ಯವೂ ತಾಯಂದಿರ ತರಬೇತಿಗೆಂದು ಅವಳೇ ಬರೆದುಕೊಟ್ಟದ್ದು.

“ನಾನು ನಿನ್ನ ಕೇಳಿದ್ದೆ ವಿನೂ. ಒಂದೇ ಒಂದ್ಸಲ ನೋಡೇ ಅಂದಿದ್ದೆ.”

ಅಷ್ಟು ಹೇಳಿ ಭವ್ಯ ಬಾಯಿ ಮುಚ್ಚಿದಳು. ಹುಟ್ಟಿದಾಗಿನಿಂದ ಅವಳದಾಗಿದ್ದ ಮೌನ ಮರಳಿ ಬಂದ ಹಾಗಿತ್ತು, ಆದರೆ ಇದು ಅದಲ್ಲ. ಲೋಕೇಶ ನಿಂತ ಮಗ್ಗದ ಮೇಲೆ ಕೈಯೂರಿಕೊಂಡು ತಲೆ ತಗ್ಗಿಸಿದ. ಋತು ಅಮ್ಮನ ಮುಖ ನೋಡಿ, ಕೈ ತಿರುಗಿಸಿ, ಏನಾಯಿತು ಎಂದು ಸನ್ನೆಯಲ್ಲಿ ಕೇಳಿದಳು. ಅಮ್ಮ ಸನ್ನೆಯನ್ನೂ ಮಾಡಲಿಲ್ಲ.

ಆಗ ಕಿಟಕಿಯ ಕಟ್ಟೆಯಿಂದ ಬಿಲ್ಲೆ ವಿನುತಾಳ ದನಿಯಲ್ಲಿ ಮಾತಾಡಿತು.

“ಅಮ್ಮಾ, ಮಗು ಕಾಯುತ್ತಿದೆ. ಇನ್ನೂ ಸ್ವಲ್ಪ ಮಾತಾಡಿ.”

ಇಬ್ಬನಿ ತಲೆಯೆತ್ತಿದಳು. ದನಿ ಅಮ್ಮನ ಕತ್ತಿನ ಬಳಿಯಿಂದ ಬರಲಿಲ್ಲ. ಅವಳು ಅಮ್ಮನನ್ನು ನೋಡಿದಳು, ಕಿಟಕಿಯನ್ನು ನೋಡಿದಳು. ಗೋಡೆ ಹಿಡಿದು ಎದ್ದು, ಎಡವಿ, ಮತ್ತೆ ಎದ್ದು ಕಿಟಕಿಯವರೆಗೆ ಹೋದಳು. ನಡುಗುವ ಕೈಯಲ್ಲಿ ಬಿಲ್ಲೆ ಹಿಡಿದು ಬಂದು, ರವಿಕೆ ಸವೆದಿದ್ದ ಆ ಜಾಗಕ್ಕೇ ಒತ್ತಿ ಹಿಡಿದಳು. ಆಮೇಲೆ ಅಮ್ಮನ ಬಾಯಿಯನ್ನೇ ನೋಡುತ್ತ ನಿಂತಳು. ಈ ದನಿ ಬಂದ ಮೇಲೆ ಅಮ್ಮನ ದನಿ ಬರುತ್ತದೆ ಎಂಬುದೊಂದನ್ನು ಅವಳು ಕಲಿತಿದ್ದಳು. ಇಷ್ಟು ವರ್ಷದಲ್ಲಿ ಮಾತಿನಿಂದ ಕಲಿತದ್ದು ಅದೊಂದೇ.

ಭವ್ಯಳ ತುಟಿ ಅಲುಗಿತು. ದನಿ ಬರಲಿಲ್ಲ.

ವಿನುತಾಳಿಗೆ ತಡೆಯಲಾಗಲಿಲ್ಲ. “ಇಬ್ಬನಿ, ಬಾ ಪುಟ್ಟಿ, ಚಿಕ್ಕಮ್ಮ ಮಾತಾಡ್ತೀನಿ. ಇಲ್ಲಿ ನೋಡು,” ಎಂದಳು.

ಮಗು ಚಿಕ್ಕಮ್ಮನ ಕಡೆ ತಿರುಗಲಿಲ್ಲ. ಆ ದನಿ ಕೇಳಿದ್ದೇ ತನ್ನ ಕೈಯಲ್ಲಿದ್ದ ಬಿಲ್ಲೆಯನ್ನು ನೋಡಿತು. ಅದನ್ನು ಅಮ್ಮನ ರವಿಕೆಗೆ ಇನ್ನಷ್ಟು ಗಟ್ಟಿಯಾಗಿ ಒತ್ತಿ, ಮತ್ತೆ ಅಮ್ಮನ ಬಾಯಿಯನ್ನೇ ನೋಡುತ್ತ ಕಾಯತೊಡಗಿತು.